ಅಪ್ಪನ ಜ್ವರಕ್ಕೆ ಟಿಬಿ ಮಾತ್ರೆ ಶುರು ಮಾಡೋಣ್ವಾ? ಅನುಭವ ಇದ್ದವರು ಹೇಳಿ

ತುಮಕೂರಿನ ಮಗಳು: ಅಪ್ಪನಿಗೆ 58. ನಲವತ್ತು ದಿನದಿಂದ ಸಂಜೆಯಾದ್ರೆ ಜ್ವರ, ಸೊಂಟ ನೋವು. ಎಂಆರ್‌ಐನಲ್ಲಿ ಬೆನ್ನುಮೂಳೆ ಸೋಂಕು ಅಂತ ಬಂತು. ಬಯಾಪ್ಸಿ (ಸೋಂಕಿರೋ ಕಡೆಯಿಂದ ತುಣುಕು ತೆಗೆದು ಪರೀಕ್ಷೆ) ಬೇಡ, ಟಿಬಿ ಮಾತ್ರೆ ಶುರು ಮಾಡೋಣ ಅಂತಾರೆ ಡಾಕ್ಟ್ರು. ಸೋಂಕು ತಜ್ಞರನ್ನ ನೋಡಿದವರು ಇದ್ದೀರಾ?

ಹಾಸನದ ಹೈನುಗಾರ: ನನಗೂ ಹೀಗೇ ಆಗಿತ್ತು. ಟಿಬಿ ಮಾತ್ರೆ ನುಂಗಿದ ಎರಡೇ ವಾರಕ್ಕೆ ಜ್ವರ ಇಳೀತು, ಎರಡು ತಿಂಗಳಿಗೆ ಮತ್ತೆ ಬಂತು. ಅಷ್ಟರಲ್ಲಿ ಹನ್ನೊಂದು ಕೆಜಿ ಇಳಿದಿದ್ದೆ. ಸೋಂಕು ತಜ್ಞರು ಸ್ಕ್ಯಾನ್ ಮುಟ್ಟೋಕೆ ಮುಂಚೆ ಮುಕ್ಕಾಲು ಗಂಟೆ ಮಾತಾಡಿಸಿದ್ರು. ಹಾಲು ಕಾಯಿಸಿ ಕುಡೀತೀರಾ, ಹಸು ದಿನ ತುಂಬದೆ ಕಂದು ಹಾಕಿತ್ತಾ ಅಂತ ಕೇಳಿದ್ರು. ಹಾಕಿತ್ತು, ಬರಿಗೈಲಿ ಮಾಸು ಎಳೆದವನು ನಾನೇ. ಬ್ರುಸೆಲ್ಲಾ, ದನದಿಂದ ಮನುಷ್ಯರಿಗೆ ಬರೋ ಬ್ಯಾಕ್ಟೀರಿಯಾ! ಟಿಬಿ ಮಾತ್ರೇಲಿರೋ ರಿಫಾಂಪಿಸಿನ್ ಅದನ್ನೂ ಅಷ್ಟಿಷ್ಟು ಹಿಡಿದಿಡುತ್ತೆ, ಅದಕ್ಕೇ ಜ್ವರ ಇಳಿದಿದ್ದು. ಆಮೇಲೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮೂರು ತಿಂಗಳು, ಜೊತೆಗೆ ಮೊದಲ ಮೂರು ವಾರ ದಿನಾ ಸ್ಟ್ರೆಪ್ಟೊಮೈಸಿನ್ ಸೂಜಿ. ಬಯಾಪ್ಸಿ ಇಲ್ಲದೆ ಮಾತ್ರೆ ಮುಟ್ಟಬೇಡಿ.

ಹುಬ್ಬಳ್ಳಿ ಮಾಸ್ತರ: ಮುಟ್ಟಬ್ಯಾಡ್ರಿ ಅನ್ನೂದು ಭಾಳ ಸುಲಭ ಐತ್ರೀ. ನಾವು ಬಯಾಪ್ಸಿ ಅಂತ ಐದು ವಾರ ಕಾದ್ವಿ, ನನ್ನ ಹೆಂಡ್ತಿ ಕಾಲಾಗಿನ ಶಕ್ತಿನೇ ಹೋತು. ಮೊದಲನೇ ಸಲ ತಗದ ತುಣುಕನ್ನ ಪೂರಾ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ರು. ಫಾರ್ಮಲಿನ್‌ಗೆ ಬಿದ್ರ ಕ್ರಿಮಿ ಸಾಯ್ತಾವ, ಕಲ್ಚರ್, ಅಂದ್ರ ಲ್ಯಾಬ್‌ನಾಗ ಕ್ರಿಮಿ ಬೆಳಸಿ ನೋಡೂದು, ಆಗೂದಿಲ್ಲ. ಎರಡನೇ ಬಯಾಪ್ಸಿಗೆ 28,000. ಆಗ ಸಲೈನ್‌ನಾಗ ಕಳಿಸಿದ್ರು, ಜೀನ್ ಎಕ್ಸ್‌ಪರ್ಟ್ ಅನ್ನೂ ಟಿಬಿ ಪರೀಕ್ಷಾದಾಗ ಅವತ್ತ ಸಂಜಿಗೆ ಟಿಬಿ ಅಂತ ಬಂತು. ಮದಲ ದಿನಾನೇ ಮಾತ್ರಿ ಕೊಟ್ಟಿದ್ರ ಇಂದು ಆಕಿ ಕೋಲು ಹಿಡಿದು ನಡಿತಿದ್ದಿಲ್ಲ.

ಹಾಸನದ ಹೈನುಗಾರ: ತುಣುಕನ್ನ ತಪ್ಪು ಡಬ್ಬಿಗೆ ಹಾಕಿದ್ದು ಬಯಾಪ್ಸಿ ತಪ್ಪಾ ಸ್ವಾಮಿ?

ಹುಬ್ಬಳ್ಳಿ ಮಾಸ್ತರ: ಐದು ವಾರ ಆಕಿನ್ನ ಎತ್ತಿ ಬಚ್ಚಲಕ್ಕ ಒಯ್ದಾವ ನಾನು. ನನಗ ಡಬ್ಬಿ ಪಾಠ ಹೇಳಬ್ಯಾಡ್ರಿ.

ಕುಂದಾಪುರದಿಂದ: ಇಬ್ಬರೂ ಟಿಬಿ, ಬ್ರುಸೆಲ್ಲಾ ಅಂತ ಕೂತಿದ್ದೀರಿ. ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಗದ್ದೆ ಕೆಲಸ. ಜ್ವರ, ಲಿವರಿನಲ್ಲಿ ಕೀವು. ಮೊದಲ ಲ್ಯಾಬಿನವರು ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಮಾದರಿಗೆ ಹೊರಗಿನಿಂದ ಸೇರಿದ್ದಿರಬೇಕು ಎಂದು ಬರೆದು ಕೈ ತೊಳೆದರು. ಸೋಂಕು ತಜ್ಞೆ ಮತ್ತೆ ಕಲ್ಚರಿಗೆ ಕಳಿಸಿ, ತಾವೇ ಲ್ಯಾಬಿಗೆ ಫೋನ್ ಮಾಡಿ, ಮೆಲಿಯೋಯ್ಡೋಸಿಸ್ (ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ಇದೆಯಾ ನೋಡಿ ಅಂದರು. ಅದೇ ಆಗಿತ್ತು. ಮೆರೊಪೆನೆಮ್ ಇಂಜೆಕ್ಷನ್ ದಿನಕ್ಕೆ ಮೂರು, ಒಂದಕ್ಕೆ 2,100, ಹದಿನಾಲ್ಕು ದಿನಕ್ಕೆ 88,200. ಹೊರಗಿನ ಮೆಡಿಕಲ್‌ನಲ್ಲಿ ಅದೇ ಮದ್ದು 900ಕ್ಕೆ ಇತ್ತು, ಆಸ್ಪತ್ರೆಯವರು ತರಲು ಬಿಡಲಿಲ್ಲ! ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ, ವಾರ ವಾರ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ನೋಡಬೇಕು.

ಮಂಡ್ಯ ಗೌಡ: ಹಾಸನದವರೇ, ಹಾಲಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಾ? ಮೂರು ತಲೆಮಾರಿಂದ ನೊರೆಹಾಲು ಕುಡಿದೋರು ನಾವು.

ಹಾಸನದ ಹೈನುಗಾರ: ಕುಡಿದೋರ ರಕ್ತ ಯಾರು ಪರೀಕ್ಷೆ ಮಾಡಿದ್ರು ಗೌಡ್ರೇ? ನಮ್ಮ ನಾಲ್ಕು ಹಸೂಲಿ ಎರಡಕ್ಕಿತ್ತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗೆ ಹಾಕೋ ಲಸಿಕೆ ಇದೆ, ನಿಮ್ಮ ಕೊಟ್ಟಿಗೇಲಿ ಹಾಕಿಸಿದ್ದೀರಾ?

ಮಂಡ್ಯ ಗೌಡ: ನಮ್ಮ ಕೊಟ್ಟಿಗೆ ಸುದ್ದಿಗೆ ಬರಬೇಡಿ.

ತುಮಕೂರಿನ ಮಗಳು: ಅಪ್ಪನಿಗೂ ಶುಗರ್ ಇದೆ, ಮನೇಲಿ ಎರಡು ಎಮ್ಮೆ ಇವೆ. ಮೊದಲೇ ಬರೀಬೇಕಿತ್ತು.