ಯೆಜ್ಡಿ ಎಂಜಿನ್ ಕವರ್ ಬಿಳಿ ಹಿಡಿಯುತ್ತಿದೆ, ಮಳೆಗಾಲಕ್ಕೆ ಮೊದಲು ಏನು ಹಚ್ಚಲಿ?

ಮಲ್ಪೆ ಸವಾರ

ಎಲ್ಲರಿಗೂ ನಮಸ್ಕಾರ. ಅಪ್ಪನ 1978ರ ಯೆಜ್ಡಿ 250 ಬೈಕ್ ನನ್ನ ಹತ್ತಿರ ಉಂಟು. ಮನೆ ಮಲ್ಪೆಯಲ್ಲಿ, ಕಡಲಿಗೆ ನಡೆದು ಹೋದರೆ ಐದು ನಿಮಿಷ. ಎಂಜಿನ್ ಒಳಗೆ ಗಟ್ಟಿ ಇದೆ, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ತೊಂದರೆ ಇರುವುದು ಹೊರಗಿನ ಮೈಗೆ.

ಎರಡು ವರ್ಷದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಎರಡೂ ಕಡೆಯ ಅಲ್ಯೂಮಿನಿಯಂ ಕವರ್ ಬಫಿಂಗ್ ಮಾಡಿಸಿ ಹೊಳಪು ಬರಿಸಿ, ಮೇಲೆ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಶ್ ಥರದ್ದು) ಹೊಡೆಸಿದೆ. ಇನ್ನು ಹತ್ತು ವರ್ಷ ನೋಡಬೇಕಾಗಿಲ್ಲ ಅಂದಿದ್ದರು. ಒಂದೇ ಮಳೆಗಾಲಕ್ಕೆ ಸ್ಕ್ರೂಗಳ ಸುತ್ತ ಲ್ಯಾಕರ್ ಎದ್ದಿತು. ಈಗ ಅದರ ಅಡಿಯಲ್ಲಿ ಗೆದ್ದಲು ಹಿಡಿದ ಗೋಡೆಯ ಹಾಗೆ ಬಿಳಿ ಗೆರೆಗಳು ಓಡಿವೆ. ಗೇರ್ ಲಿವರ್ ಹತ್ತಿರ ಕಾಲು ಉಜ್ಜಿ ಉಜ್ಜಿ ಲ್ಯಾಕರ್ ಪೂರ್ತಿ ಹೋದ ಜಾಗ ಉಂಟಲ್ಲ, ಅಷ್ಟು ಮಾತ್ರ ಇವತ್ತಿಗೂ ಫಳಫಳ ಹೊಳೆಯುತ್ತದೆ. ಮೊದಲು ಅಪ್ಪನ ಕಾಲು ತಾಗುತ್ತಿದ್ದ ಜಾಗ ಅದು. ನೋಡಿದಾಗಲೆಲ್ಲ ಉಳಿದದ್ದನ್ನೂ ಹೀಗೇ ಇಡಬೇಕು ಅನಿಸುತ್ತದೆ.

ಬ್ಲಾಕಿನ (ಸಿಲಿಂಡರಿನ) ಕೆಳಗಿನ, ಶಾಖ ಹೊರಹಾಕುವ ಫಿನ್‌ಗಳ ನಡುವೆ ಕೆಂಪು ತುಕ್ಕು ಕೂಡ ಶುರುವಾಗಿದೆ. ಮಳೆಗೆ ಇನ್ನು ಒಂದೂವರೆ ತಿಂಗಳು. ಮತ್ತೆ ಲ್ಯಾಕರ್ ಹೊಡೆಸಲಾ, ವ್ಯಾಕ್ಸ್ ಹಚ್ಚಲಾ? ಮಾವ ತೆಂಗಿನೆಣ್ಣೆ ಸಾಕು ಅನ್ನುತ್ತಾರೆ. ಗೊತ್ತಿದ್ದವರು ಹೇಳಿ.

ಮೈಸೂರು ಜಾವಾ

ಇಷ್ಟೆಲ್ಲ ಯಾಕೆ ಸರ್? ನನ್ನದು 1969ರ ಜಾವಾ. ವರ್ಷಕ್ಕೆ ಎರಡು ಸಲ ಮೆಟಲ್ ಪಾಲಿಶ್, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಬೇಕಿದ್ದರೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಿರಿ.

ಬಿಜೈ ಯೆಜ್ಡಿ

ಮೈಸೂರಿನವರು ಹೇಳಿದ್ದು ಮೈಸೂರಿಗೆ ಸರಿ. ಜಾವಾ, ಯೆಜ್ಡಿ ಗಾಡಿ ಹುಟ್ಟಿದ್ದೇ ಅಲ್ಲಿಯ ಕಾರ್ಖಾನೆಯಲ್ಲಿ, 1961ರಿಂದ 1996ರವರೆಗೆ. ಆದರೆ ಅಲ್ಲಿನ ಗಾಳಿಯಲ್ಲಿ ಉಪ್ಪಿಲ್ಲ. ನಮ್ಮ ಲೆಕ್ಕವೇ ಬೇರೆ.

ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ, ಅದೇ ಅದಕ್ಕೆ ರಕ್ಷಣೆ. ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಮಳೆಯಲ್ಲಿ ನೆನೆಯಲೇಬೇಕು ಅಂತ ಕೂಡ ಇಲ್ಲ. ಗಾಳಿಯ ತೇವ ಶೇಕಡಾ 75 ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಆಟಿ ತಿಂಗಳಲ್ಲಿ (ತುಳುವರ ಜೋರು ಮಳೆಯ ತಿಂಗಳು) ಮರಿಗೆಯ ಉಪ್ಪು ನೀರು ಬಿಡುತ್ತದಲ್ವಾ, ಮಾಡಿನ ಅಡಿಯಲ್ಲಿ ನಿಂತ ಗಾಡಿಯ ಕವರ್ ಮೇಲೂ ಅದೇ ನಡೆಯುತ್ತದೆ.

ಲ್ಯಾಕರ್ ಒಂದು ಸೂಜಿಮೊನೆಯಷ್ಟೂ ತೂತಿಲ್ಲದೆ ಇದ್ದರೆ ಮಾತ್ರ ಒಳ್ಳೆಯದು. ಸ್ಕ್ರೂ ಬಿಗಿ ಮಾಡುವಾಗ ಅಂಚು ಒಡೆಯುತ್ತದೆ, ಜಲ್ಲಿ ಸಿಡಿಯುತ್ತದೆ, ಉಪ್ಪುನೀರು ಒಳಗೆ ಹೋಗಿ ಅಡಿಯಲ್ಲೇ ತಿನ್ನುತ್ತಾ ಮುಂದೆ ಹೋಗುತ್ತದೆ. ನೀವು ನೋಡಿದ ಬಿಳಿ ಗೆರೆ ಅದೇ. ಮೇಲಿಂದ ಒರೆಸಲಿಕ್ಕೂ ಆಗುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟು: ಕರಾವಳಿಯಲ್ಲಿ ಒಮ್ಮೆ ಹಚ್ಚಿ ಮರೆಯುವಂಥದ್ದು ಬೇಡ, ಒರೆಸಿ ಮತ್ತೆ ಹಚ್ಚಲು ಆಗುವಂಥದ್ದು ಬೇಕು.

ಕವರ್ ಬಿಚ್ಚಿ, ಪೇಂಟ್ ರಿಮೂವರ್ ಹಾಕಿ ಲ್ಯಾಕರ್ ಪೂರ್ತಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ. ಆಮೇಲೆ ಉಜ್ಜುವ ವಾಟರ್ ಪೇಪರ್ 400, 600, 800, 1200 (ಸಂಖ್ಯೆ ಏರಿದಷ್ಟು ನಯ) ಹೀಗೆ ಏರಿಸುತ್ತಾ ಉಜ್ಜಿ, ಕೊನೆಗೆ ಬಟ್ಟೆಯ ಬಫ್. ಸ್ಟೀಲ್ ವೂಲ್ ಮುಟ್ಟಲೇಬೇಡಿ, ಅದರ ಚೂರು ಅಲ್ಯೂಮಿನಿಯಂ ಒಳಗೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಎಲ್ಲ ಗುಳಿಯೂ ಹೋಗಲೇಬೇಕು ಅಂತ ಹಟ ಮಾಡಬೇಡಿ. ಕವರ್ ತೆಳುವಾಗುತ್ತದೆ, ಅಂಚು ಸವೆಯುತ್ತದೆ. ನಾಲ್ಕು ಗುಳಿ ಇದ್ದರೂ ಅಪ್ಪನ ಗಾಡಿ ಅಪ್ಪನ ಗಾಡಿಯೇ.

ನಂತರ ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣ) ಇರುವ ಕಾರ್ ವ್ಯಾಕ್ಸ್. ಲೋಹ ಕೈಗೆ ಬೆಚ್ಚಗೆ ತಾಗುವಾಗ ತೆಳ್ಳಗೆ ಎರಡು ಸಲ ಹಚ್ಚಿ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಹಚ್ಚುತ್ತೇನೆ, ಉಳಿದಂತೆ ಎರಡು ತಿಂಗಳಿಗೆ. ಇದು ಕವರುಗಳಿಗೆ ಮಾತ್ರ. ಬ್ಲಾಕು, ಅದರ ಮೇಲಿನ ಹೆಡ್ಡಿಗೆ ಹಚ್ಚಿ ಪ್ರಯೋಜನ ಇಲ್ಲ, ಆ ವ್ಯಾಕ್ಸ್ 80 ಡಿಗ್ರಿ ದಾಟಿದ ಮೇಲೆ ಕರಗಿ ಹೋಗುತ್ತದೆ.

ತೆಂಗಿನೆಣ್ಣೆ ಒಂದೆರಡು ದಿನಕ್ಕೆ ಪರವಾಗಿಲ್ಲ. ಆದರೆ ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ, ಆ ಧೂಳಿನಲ್ಲಿ ಉಪ್ಪು ಕೂರುತ್ತದೆ. ಹಳತಾದರೆ ಕನರಿ ಹುಳಿಯಾಗುತ್ತದೆ, ಅದೂ ಲೋಹಕ್ಕೆ ಒಳ್ಳೆಯದಲ್ಲ. ಡಬ್ಲ್ಯೂಡಿ-40 ಹೆಸರಲ್ಲೇ ಉಂಟು, ನೀರು ಸರಿಸುವ ನಲವತ್ತನೇ ಮಿಶ್ರಣ ಅಂತ. ತೊಳೆದ ಮೇಲೆ ಸಂದಿಯ ನೀರು ಹೊರಡಿಸಲು ಚೆನ್ನಾಗಿದೆ, ಮಳೆಗಾಲ ಪೂರ್ತಿ ಕಾಯಲು ಆ ಪದರ ಸಾಲದು.

ದಕ್ಕೆ ಕೆಲಸ

ಮೇಲಿನವರು ಸರಿ ಹೇಳಿದ್ದಾರೆ, ಒಂದು ಮಾತು ಸೇರಿಸುತ್ತೇನೆ. ನಾನು ದೋಣಿ ಎಂಜಿನ್ ಕೆಲಸದವ. ಕಡಲಿಂದ ಬಂದ, ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡಿಗೆ ಮೊದಲು ಸಿಹಿನೀರು, ಉಳಿದದ್ದೆಲ್ಲ ಆಮೇಲೆ. ಉಪ್ಪಿನ ಮೇಲೆ ವ್ಯಾಕ್ಸ್ ಹಚ್ಚಿದರೆ ಉಪ್ಪನ್ನು ಒಳಗೆ ಕೂಡಿ ಹಾಕಿದ ಹಾಗೆ.

ಯಾವ ನೀರು ಅಂತಲೂ ನೋಡಿ ಮಾರಾಯ್ರೆ. ಕಡಲ ಬದಿಯ ಎಷ್ಟೋ ಬಾವಿಗಳಲ್ಲಿ ಏಪ್ರಿಲ್, ಮೇ ಬಂದರೆ ನೀರು ಉಪ್ಪಾಗುತ್ತದೆ. ಬಾಯಿಗೆ ಒಂದು ಹನಿ ಹಾಕಿ ನೋಡಿ, ಉಪ್ಪು ಅನಿಸಿದರೆ ಅದರಲ್ಲಿ ತೊಳೆಯಬೇಡಿ, ನಳ್ಳಿ ನೀರು ತನ್ನಿ. ಎಂಜಿನ್ ಪೂರ್ತಿ ತಣಿದಿರಬೇಕು, ಬಿಸಿ ಬ್ಲಾಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಕಾರ್ಬ್ಯುರೇಟರಿಗೆ ಪ್ಲಾಸ್ಟಿಕ್ ಕಟ್ಟಿ. ಆಯುಧ ಪೂಜೆಗೆ ಬಟ್ಟೆ ಸೋಪಿನ ಪುಡಿಯಲ್ಲಿ, ವಾಷಿಂಗ್ ಸೋಡಾದಲ್ಲಿ ತಿಕ್ಕುತ್ತಾರಲ್ಲ, ಅದು ಬೇಡ. ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ. ಕಾರ್ ಶಾಂಪೂ ಸಾಕು.

ಇನ್ನು ಮುಚ್ಚುವುದು. ಟರ್ಪಾಲು ನೆಲದವರೆಗೆ ಎಳೆದು ಕಟ್ಟಬೇಡಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಳೇ ಹತ್ತಿ ಬೆಡ್‌ಶೀಟ್ ಒಳ್ಳೆಯದು, ವಾರಕ್ಕೊಮ್ಮೆ ಬದಲಿಸಿ ತೊಳೆಯಿರಿ.

ಸುರತ್ಕಲ್ ಲೇತ್

ಬ್ಲಾಕಿನ ತುಕ್ಕಿನ ವಿಷಯ ಯಾರೂ ಹೇಳಲಿಲ್ಲ. ಬ್ಲಾಕು ಬೀಡು ಕಬ್ಬಿಣ (ಎರಕದ ಕಬ್ಬಿಣ), ಅಲ್ಯೂಮಿನಿಯಂ ಅಲ್ಲ. ತನ್ನಷ್ಟಕ್ಕೆ ರಕ್ಷಿಸಿಕೊಳ್ಳುವ ಪದರ ಅದಕ್ಕಿಲ್ಲ, ಹಾಗಾಗಿ ಇಲ್ಲಿ ಮಾತ್ರ ಪೇಂಟೇ ಬೇಕು. ಸಿಲಿಕೋನ್ ಆಧಾರದ ಹೈ ಟೆಂಪರೇಚರ್ ಕಪ್ಪು ತೆಗೆದುಕೊಳ್ಳಿ. ಫಿನ್ ನಡುವಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಲೋಹ ಕಾಣುವವರೆಗೆ ತೆಗೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಹೊಡೆಯಿರಿ. ನಾಳೆ ಅಂತ ಬಿಟ್ಟರೆ ಬೆಳಿಗ್ಗೆ ಎದ್ದು ನೋಡುವಾಗ ಮತ್ತೆ ಕೆಂಪು. ತೆಳ್ಳಗೆ ಎರಡು ಕೋಟ್ ಸಾಕು, ದಪ್ಪ ಬಳಿದರೆ ಶಾಖ ಹೊರಗೆ ಹೋಗಲು ಅಡ್ಡಿ, ಪೇಂಟೂ ಸಿಪ್ಪೆ ಏಳುತ್ತದೆ. ಈ ಪೇಂಟ್ ಗಾಳಿಗೆ ಒಣಗಿದರೆ ಆಗಲಿಲ್ಲ, ಬಿಸಿಗೆ ಬೇಯಬೇಕು. ಡಬ್ಬದಲ್ಲಿ ಬರೆದಂತೆ ಮಾಡಿ. ನಾನು ಎಂಜಿನ್ ಹತ್ತು ನಿಮಿಷ ಓಡಿಸಿ ತಣಿಸುತ್ತೇನೆ, ಮತ್ತೆ ಇಪ್ಪತ್ತು, ಮತ್ತೆ ಮೂವತ್ತು.

ಸ್ಕ್ರೂಗಳಿಗೆ ಕೂಡ ಗಮನ ಕೊಡಿ. ಉಪ್ಪು, ತೇವ, ಎರಡು ಬೇರೆ ಲೋಹ ಒಟ್ಟಾದರೆ ಅಲ್ಯೂಮಿನಿಯಂ ಸೋಲುತ್ತದೆ. ಹೊಳೆಯುತ್ತದೆ ಅಂತ ಎಲ್ಲರೂ ಈಗ ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕುತ್ತಾರೆ. ಹಾಕಿ, ಆದರೆ ಪ್ರತಿ ಬೋಲ್ಟಿನ ಮರೆಗೂ (ಥ್ರೆಡ್ಡಿಗೂ) ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಇಲ್ಲದೆ ಬೇಡ.

ಮಲ್ಪೆ ಸವಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾವಿ ನೀರು ಬಾಯಿಗೆ ಹಾಕಿ ನೋಡಿದೆ, ಹೌದು, ಉಪ್ಪು. ಇಷ್ಟು ವರ್ಷ ಅದರಲ್ಲೇ ತೊಳೆದಿದ್ದೇನೆ. ನಿನ್ನೆ ಅಕ್ಕನ ಮನೆಯಿಂದ ಎರಡು ಕ್ಯಾನ್ ನಳ್ಳಿ ನೀರು ತಂದೆ. ಬಲಗಡೆ ಡೈನಮೋ ಕವರ್ ಲ್ಯಾಕರ್ ತೆಗೆದು 1200ರವರೆಗೆ ಉಜ್ಜಿ ಆಯ್ತು. ಎಡಗಡೆ ಕ್ಲಚ್ ಕವರಿನಲ್ಲಿ ಹಿಂದಿನ ಒಂದು ಸ್ಕ್ರೂ ಬರುತ್ತಲೇ ಇಲ್ಲ, ತಲೆಯ ಗೀರು ಅರ್ಧ ಹೋಗಿದೆ.

ಸುರತ್ಕಲ್ ಲೇತ್

ಇನ್ನು ತಿರುಗಿಸಬೇಡಿ. ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಸುತ್ತಲಿನ ಅಲ್ಯೂಮಿನಿಯಂ ಸ್ವಲ್ಪ ಬಿಸಿ ಮಾಡಿ, ಹೀಟ್ ಗನ್ ಸಾಕು, ಬೆಂಕಿ ಬೇಡ. ಆಯಿಲ್ ಚೆನ್ನಾಗಿ ಒರೆಸಿದ ಮೇಲೆಯೇ ಗನ್ ಹಿಡಿಯಿರಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಗೀರಿಗೆ ಸರಿಯಾಗಿ ಕೂರುವ ಬಿಟ್ ಹಾಕಿ ಇಂಪ್ಯಾಕ್ಟ್ ಡ್ರೈವರಿನಿಂದ (ಸುತ್ತಿಗೆಯಲ್ಲಿ ಹೊಡೆದರೆ ತಿರುಗುವಂಥದ್ದು) ಎರಡು ಪೆಟ್ಟು ಕೊಡಿ. ಬರದಿದ್ದರೆ ಕೈ ಬಿಟ್ಟು ಗಾಡಿ ಇಲ್ಲಿಗೆ ತನ್ನಿ, ತಲೆ ಮಾತ್ರ ಡ್ರಿಲ್ ಮಾಡಿ ಕವರ್ ಬಿಡಿಸೋಣ. ಕವರ್ ಎದ್ದ ಮೇಲೆ ಉಳಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಹೆಚ್ಚಾಗಿ ಬಂದುಬಿಡುತ್ತದೆ.