ಲೇಸರ್ ಲೆವೆಲ್ ಗೆರೆ ತಾನಾಗೇ ಕೆಳಗೆ ಇಳಿಯುತ್ತಿದೆ, ಟ್ರೈಪಾಡ್ ಬದಲಿಸಬೇಕಾ?

ಅಡುಗೆಕಟ್ಟೆ:
ನಮಸ್ಕಾರ. ಅಡುಗೆಮನೆ ಗೋಡೆಗೆ ಟೈಲ್ಸ್ ಹಾಕುತ್ತಿದ್ದೇನೆ. ಹಸಿರು ಗೆರೆಯ ಲೇಸರ್ ಲೆವೆಲ್ ತಗೊಂಡು ಹಳೇ ಕ್ಯಾಮೆರಾ ಟ್ರೈಪಾಡ್ ಮೇಲೆ ಕೂರಿಸಿದ್ದೇನೆ. ಬೆಳಿಗ್ಗೆ ಹಾಕಿದ ಗುರುತಿಗಿಂತ ಮಧ್ಯಾಹ್ನ ಗೆರೆ 3 ಮಿ.ಮೀ. ಕೆಳಗಿತ್ತು. ಪಕ್ಕದ ಗೋಡೆಗೆ ತಿರುಗಿಸಿದರೆ ಇನ್ನೊಂದು ಲೆಕ್ಕ. ತಾನೇ ಮಟ್ಟ ಮಾಡಿಕೊಳ್ಳುವ ಮೆಷಿನ್ ಅಲ್ವಾ ಇದು? ಅಂಗಡಿಯವರು 5/8 ಇಂಚಿನ ತಿರುಪಿನ ಟ್ರೈಪಾಡ್ ತಗೊಳ್ಳಿ ಅಂತಾರೆ, ನೆಲದಿಂದ ಸೀಲಿಂಗ್‌ವರೆಗೆ ನಿಲ್ಲುವ ಕಂಬವನ್ನೂ ತೋರಿಸಿದರು. ಯಾವುದು ಒಳ್ಳೆಯದು?

ಗಾರೆಗುರು:
ದುಡ್ಡು ಬಿಚ್ಚಬೇಡಿ, ಮೊದಲು ತಪ್ಪು ಯಾರದ್ದು ನೋಡೋಣ. ಗೆರೆ ಬಿದ್ದ ಕಡೆ ಪೆನ್ಸಿಲ್ ಗುರುತು ಹಾಕಿ, ಯಾರೂ ಮುಟ್ಟದ ಹಾಗೆ ಅರ್ಧ ಗಂಟೆ ಬಿಡಿ. ಗೆರೆ ಇಳಿದಿದ್ದರೆ ಟ್ರೈಪಾಡೇ ಕಳ್ಳ. ನಡುವಿನ ಕಂಬ ಪೂರ್ತಿ ಮೇಲೆತ್ತಿದ್ದೀರಾ?

ಅಡುಗೆಕಟ್ಟೆ:
ಹೌದು ಸರ್, ಎತ್ತರ ಸಾಲದೆ ಪೂರ್ತಿ ಎತ್ತಿದ್ದೆ. ನೀವು ಹೇಳಿದ ಹಾಗೆ ನೋಡಿದೆ, ಇಳಿದಿದೆ.

ಗಾರೆಗುರು:
ಹಾಗಾದರೆ ಸಿಕ್ಕಿತು. ಆ ಕಂಬವನ್ನು ಹಿಡಿದಿರೋದು ಒಂದು ಪ್ಲಾಸ್ಟಿಕ್ ತಿರುಪು. ಭಾರಕ್ಕೆ ನಿಧಾನವಾಗಿ ಜಾರುತ್ತದೆ. ಕಂಬ ಪೂರ್ತಿ ಇಳಿಸಿ, ಎತ್ತರವನ್ನು ಕಾಲುಗಳಿಂದಲೇ ತಗೊಳ್ಳಿ. ಅಷ್ಟಕ್ಕೂ ಗೆರೆ ಟೈಲ್ಸ್ ಸಾಲಿನ ಎತ್ತರದಲ್ಲೇ ಬೀಳಬೇಕು ಅಂತೇನಿಲ್ಲ. ಎಲ್ಲೋ ಒಂದು ಕಡೆ ಸುತ್ತಲೂ ಗೆರೆ ಹಾಕಿಕೊಂಡು, ಅಲ್ಲಿಂದ ಟೇಪ್‌ನಲ್ಲಿ ಅಳೆಯಿರಿ. ನೀರಿನ ಟ್ಯೂಬ್ ಹಿಡಿಯುವ ಮೇಸ್ತ್ರಿಗಳು ಮಾಡೋದೂ ಇದೇ.

ತಿರುಪು_ಮೊಳೆ:
ಪಕ್ಕದ ಗೋಡೆ ವಿಷಯಕ್ಕೆ ನಾನು ಸೇರಿಸುತ್ತೇನೆ. ಒಳಗಿನ ಲೋಲಕ ಗೆರೆಯನ್ನು ಮಟ್ಟ ಮಾಡುತ್ತದೆ, ಎತ್ತರವನ್ನು ಕಾಯುವುದಿಲ್ಲ. ಅದು ಟ್ರೈಪಾಡ್‌ನ ಕೆಲಸ. ಮೇಲಿನ ತಲೆ 3 ಡಿಗ್ರಿ ವಾಲಿದ್ದರೂ ಮೆಷಿನ್ ಸುಮ್ನೆ ಸರಿ ಮಾಡಿಕೊಳ್ಳಬಹುದು, ಕೂಗುವುದಿಲ್ಲ. ಆದರೆ ಬೆಳಕು ಹೊರಬರುವ ಕಿಂಡಿ ತಿರುಗುವ ನಡುವಿನಿಂದ 5 ಸೆಂ.ಮೀ. ಆಚೆ ಇದ್ದರೆ, ಹಿಂದೆ ಮುಂದೆ ತಿರುಗಿಸಿದಾಗ ಗೆರೆ ಸುಮಾರು 5 ಮಿ.ಮೀ. ಮೇಲೆ ಕೆಳಗಾಗುತ್ತದೆ. ಟ್ರೈಪಾಡ್ ಮೇಲೆ ಮಟ್ಟ ತೋರಿಸುವ ಗುಳ್ಳೆ ನೋಡಿ ಮೊದಲು ಅದನ್ನೇ ಮಟ್ಟ ಮಾಡಿ. ಸುತ್ತಲೂ 360 ಡಿಗ್ರಿ ಗೆರೆ ಬೀಳುವ ಮಾಡೆಲ್ ಆದರೆ ತಿರುಗಿಸುವ ತಂಟೆಯೇ ಬೇಡ.

ಕೊಳ್ಳೋದಾದರೆ, ಮೆಷಿನ್ ಕೆಳಗಿನ ತೂತು ನೋಡಿ. ಸಣ್ಣದು, ಸುಮಾರು 6 ಮಿ.ಮೀ. ಇದ್ದರೆ 1/4 ಇಂಚಿನ ಕ್ಯಾಮೆರಾ ತಿರುಪು. 16 ಮಿ.ಮೀ. ಹತ್ತಿರ ಇದ್ದರೆ ಸರ್ವೆಯವರ 5/8. ಮೆಷಿನ್ ತೂತು, ಟ್ರೈಪಾಡ್ ತಿರುಪು ಬೇರೆ ಬೇರೆಯಾದರೆ ಅಡಾಪ್ಟರ್ ಸಿಗುತ್ತದೆ. ಅದಕ್ಕಾಗಿ ಟ್ರೈಪಾಡ್ ಎಸೆಯಬೇಡಿ. ಇಷ್ಟು ಸಣ್ಣ ಕೆಲಸಕ್ಕೆ ಸರ್ವೆ ಟ್ರೈಪಾಡ್ ಜಾಸ್ತಿಯಾಯಿತು. ಅದರ ಮೊನಚು ಕಾಲು ನುಣುಪು ಟೈಲ್ಸ್ ಮೇಲೆ ಜಾರುತ್ತದೆ ಕೂಡ.

ಅಡುಗೆಕಟ್ಟೆ:
ಸಣ್ಣ ತೂತೇ ಇದೆ. ಸೀಲಿಂಗ್‌ವರೆಗಿನ ಆ ಕಂಬ ಹೇಗೆ? ಅಡುಗೆಮನೆ ಇಕ್ಕಟ್ಟು, ಟ್ರೈಪಾಡ್ ಕಾಲಿಗೆ ಸಿಗುತ್ತಲೇ ಇರುತ್ತದೆ.

ತಿರುಪು_ಮೊಳೆ:
ಇಕ್ಕಟ್ಟಿಗೆ ಕಂಬ ಚೆನ್ನಾಗಿದೆ. ಆದರೆ ಅದು ಸೀಲಿಂಗ್ ಒತ್ತಿ ನಿಲ್ಲುತ್ತದೆ. ಮೇಲೆ ಜಿಪ್ಸಮ್ ಬೋರ್ಡ್ ಇದ್ದರೆ ಬೇಡ, ಬೋರ್ಡ್ ಬಗ್ಗುತ್ತದೆ. ಆರ್‌ಸಿಸಿ ಆದರೆ ಧೈರ್ಯವಾಗಿ ಹಾಕಿ. ಆಯಸ್ಕಾಂತದ ಬ್ರಾಕೆಟ್ ತಗೋಬೇಕು ಅಂದರೆ ಹಿಡಿಯೋಕೆ ಕಬ್ಬಿಣ ಬೇಕು, ಅಲ್ಯೂಮಿನಿಯಂ ಕಿಟಕಿಗೆ ಅಂಟಲ್ಲ.

ಗಾರೆಗುರು:
ನನ್ನ ಕೇಳಿದರೆ ಏನೂ ಕೊಳ್ಳಬೇಡಿ. ಗ್ರಾನೈಟ್ ಕಟ್ಟೆ ಕೂತಿದೆಯಲ್ಲ, ಮೆಷಿನ್ ಅದರ ಮೇಲೇ ಇಡಿ, ಬೇಕಾದರೆ ಕೆಳಗೊಂದು ಇಟ್ಟಿಗೆ. ಅದಕ್ಕಿಂತ ಗಟ್ಟಿ ಟ್ರೈಪಾಡ್ ಯಾರೂ ಮಾರಲ್ಲ.

ಅಡುಗೆಕಟ್ಟೆ:
ಕಟ್ಟೆ ಮೇಲಿಟ್ಟೆ. ಮಧ್ಯಾಹ್ನದಿಂದ ಗೆರೆ ಕದಲಿಲ್ಲ. ಮೆಷಿನ್ ಸರಿ ಇದೆ ಅಂತ ನೋಡೋದು ಹೇಗೆ?

ಗಾರೆಗುರು:
ಎದುರುಬದುರು ಎರಡು ಗೋಡೆ ಇರುವ ಉದ್ದದ ಹಾಲ್‌ಗೆ ಹೋಗಿ. ಟ್ರೈಪಾಡನ್ನು ಗುಳ್ಳೆ ನೋಡಿ ಮಟ್ಟ ಮಾಡಿ, ಒಂದು ಗೋಡೆ ಹತ್ತಿರ ಇಟ್ಟು, ಮೆಷಿನ್‌ನ ಮುಂಭಾಗ ತಿರುಗಿಸುತ್ತಾ ಎರಡೂ ಗೋಡೆಗೆ ಗುರುತು ಹಾಕಿ. ಆಮೇಲೆ ಇನ್ನೊಂದು ಗೋಡೆ ಹತ್ತಿರ ಒಯ್ದು ಮತ್ತೆ ಎರಡೂ ಕಡೆ ಗುರುತು ಹಾಕಿ. ಎರಡು ಗುರುತಿನ ನಡುವಿನ ಅಂತರ ಎರಡೂ ಗೋಡೆಯಲ್ಲಿ ಒಂದೇ ಇದ್ದು, ಎರಡನೇ ಗುರುತು ಎರಡೂ ಕಡೆ ಮೇಲೇ ಇಲ್ಲವೇ ಎರಡೂ ಕಡೆ ಕೆಳಗೇ ಇದ್ದರೆ ಸರಿ. ಒಯ್ಯುವಾಗ ಲೋಲಕದ ಲಾಕ್ ಹಾಕೋದು ಮರೀಬೇಡಿ.