ಕನ್ನಡ ವಿಷಯಸಾಲಿನ ಮೇಲ್‌ಗೆ ಪ್ರಾಕ್‌ಮೇಲ್ ನಿಯಮ ಹತ್ತುತ್ತಿಲ್ಲ

ಪ್ರಶ್ನೆ (ಕಲಬುರಗಿ)

ಕಲಬುರಗಿಯ ನಮ್ಮ ದಾಲ್ ಮಿಲ್ಲಿನ ಕಚೇರಿಗಾಗಿ ಡೆಬಿಯನ್ ಲಿನಕ್ಸ್ ಯಂತ್ರವೊಂದರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ನಡೆಸುತ್ತಿದ್ದೇನೆ. ಬಂದ ಮೇಲ್, ಅದನ್ನು ನಿಯಮಗಳ ಪ್ರಕಾರ ವಿಂಗಡಿಸುವ ಪ್ರಾಕ್‌ಮೇಲ್‌ಗೆ ಹೋಗುತ್ತದೆ. ವಿಷಯಸಾಲಿನಲ್ಲಿ ‘ತೊಗರಿ ಧಾರಣೆ’ ಎಂದಿದ್ದರೆ ಅದನ್ನು ಒಂದು ಸ್ಕ್ರಿಪ್ಟಿಗೆ ಕೊಡಬೇಕು, ಸ್ಕ್ರಿಪ್ಟು ಆ ದಿನದ ದರವನ್ನು ಕಡತಕ್ಕೆ ಸೇರಿಸಬೇಕು ಎಂಬುದು ನಿಯಮ. ಇಂಗ್ಲಿಷ್ ವಿಷಯಸಾಲಿಗೆ ಬರೆದ ಇಂಥದೇ ನಿಯಮ ತಪ್ಪದೆ ಹತ್ತುತ್ತದೆ, ಕನ್ನಡದ್ದು ಒಮ್ಮೆಯೂ ಹತ್ತಿಲ್ಲ. ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ಕಳೆದ ವಾರ ಸ್ಕ್ರಿಪ್ಟು ಅರ್ಧಕ್ಕೇ ನಿಂತಾಗ ಬಂದ ಮೂರು ಮೇಲ್‌ಗಳು ಕಡತದಲ್ಲೂ ಇಲ್ಲ, ಇನ್‌ಬಾಕ್ಸಿನಲ್ಲೂ ಇಲ್ಲ. ಲಾಗ್‌ನಲ್ಲಿ ಮಾತ್ರ ತಲುಪಿದೆ ಎಂದೇ ಇದೆ.

ಉತ್ತರ (ಬೀದರ್)

ನಿಮ್ಮ ನಿಯಮದಲ್ಲಿ ತಪ್ಪಿಲ್ಲ. ಆ ಮೇಲ್‌ನ ಮೂಲರೂಪವನ್ನು ತೆರೆದು ನೋಡಿ: ವಿಷಯಸಾಲಿನಲ್ಲಿ ಕನ್ನಡ ಇರುವುದಿಲ್ಲ, ಯುಟಿಎಫ್-8 ಎಂಬ ಗುರುತಿನ ಹಿಂದೆ ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಕ್ರಮ) ಅಕ್ಷರಗಳ ಸರಣಿ ಇರುತ್ತದೆ. ಪ್ರಾಕ್‌ಮೇಲ್ ಅದನ್ನು ಬಿಡಿಸದೆ ಹಾಗೆಯೇ ಹೋಲಿಸುತ್ತದೆ. ಆ ಸರಣಿಯನ್ನೇ ನಿಯಮದಲ್ಲಿ ಬರೆದರಾಯಿತು ಎನ್ನಿಸಬಹುದು, ಅದೂ ನಿಲ್ಲುವುದಿಲ್ಲ. ಬೇಸ್64 ಮೂರು ಮೂರು ಬೈಟ್‌ಗಳನ್ನು ಒಟ್ಟಿಗೆ ಹಿಡಿಯುವುದರಿಂದ ಮುಂದೆ ಒಂದು ಖಾಲಿ ಜಾಗ ಸೇರಿದರೂ ಅದೇ ಪದದ ಸರಣಿ ಪೂರ್ತಿ ಬದಲಾಗುತ್ತದೆ. ಮೇಲ್ ವಿಂಗಡಣೆಯ ನಿಯಮ ಬರೆಯುವ ಸೀವ್ ಭಾಷೆಯ ನಿರೂಪಣೆಯಾದ ಆರ್‌ಎಫ್‌ಸಿ 5228 ಎಂಬ ಮಾನಕ ದಾಖಲೆ, ವಿಷಯಸಾಲಿನಂಥ ಹೆಡರನ್ನು ಮೊದಲು ಬಿಡಿಸಿ ಆಮೇಲೆ ಹೋಲಿಸಬೇಕೆಂದು ಹೇಳುತ್ತದೆ. ಆದ್ದರಿಂದ ಪೋಸ್ಟ್‌ಫಿಕ್ಸ್‌ನಲ್ಲಿ ಮೇಲ್‌ಬಾಕ್ಸ್ ಟ್ರಾನ್ಸ್‌ಪೋರ್ಟನ್ನು (ಮೇಲನ್ನು ಯಾರಿಗೆ ಒಪ್ಪಿಸಬೇಕೆಂಬ ಸೆಟ್ಟಿಂಗ್) ಮೇಲ್‌ಬಾಕ್ಸ್ ನಿರ್ವಹಿಸುವ ಡವ್‌ಕಾಟ್ ತಂತ್ರಾಂಶದ ಎಲ್‌ಎಂಟಿಪಿ (ಸ್ಥಳೀಯ ವಿಲೇವಾರಿಯ ಪ್ರೊಟೊಕಾಲ್) ಸಾಕೆಟ್‌ಗೆ ತಿರುಗಿಸಿ, ನಿಯಮಗಳನ್ನು ಸೀವ್‌ನಲ್ಲಿ ಬರೆಯುವುದೇ ಸರಿ.

ಉತ್ತರ (ಯಾದಗಿರಿ)

ಕಳೆದುಹೋದ ಮೇಲ್‌ಗಳ ಬಗ್ಗೆ: ಪ್ರಾಕ್‌ಮೇಲ್‌ನಲ್ಲಿ ‘ಸಿ’ ಗುರುತಿಲ್ಲದೆ ಪೈಪ್ ಮಾಡಿದರೆ ಸ್ಕ್ರಿಪ್ಟಿಗೆ ಕೊಟ್ಟಲ್ಲಿಗೇ ಮೇಲ್‌ನ ಪಯಣ ಮುಗಿಯಿತು, ‘ಡಬ್ಲ್ಯು’ ಗುರುತೂ ಇಲ್ಲದಿದ್ದರೆ ಸ್ಕ್ರಿಪ್ಟು ಸೋತದ್ದನ್ನು ಅದು ಗಮನಿಸುವುದೇ ಇಲ್ಲ. ನನ್ನ ಮಟ್ಟಿಗೆ ವಿಲೇವಾರಿಯ ಹೊತ್ತಿನಲ್ಲಿ ಸ್ಕ್ರಿಪ್ಟು ಓಡಿಸುವುದೇ ಬೇಡ. ಸೀವ್ ಮೇಲನ್ನು ಒಂದು ಫೋಲ್ಡರ್‌ಗೆ ಹಾಕಲಿ, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಸ್ಕ್ರಿಪ್ಟು ಹತ್ತು ನಿಮಿಷಕ್ಕೊಮ್ಮೆ ಆ ಫೋಲ್ಡರ್ ಓದಲಿ. ಸ್ಕ್ರಿಪ್ಟು ಕೆಟ್ಟರೂ ಮೇಲ್ ಇದ್ದಲ್ಲೇ ಇರುತ್ತದೆ. ಬದಲಾವಣೆ ಮಾಡುವಾಗ ಪೋಸ್ಟ್‌ಫಿಕ್ಸ್‌ನ ಸಾಫ್ಟ್ ಬೌನ್ಸನ್ನು (ಕಾಯಂ ನಿರಾಕರಣೆಯನ್ನೂ ತಾತ್ಕಾಲಿಕವೆಂದೇ ಎಣಿಸುವ ಸೆಟ್ಟಿಂಗ್) ಆನ್ ಮಾಡಿಡಿ. ಎಲ್‌ಎಂಟಿಪಿ ಪೂರ್ಣ ವಿಳಾಸವನ್ನೇ ಬಳಕೆದಾರನ ಹೆಸರೆಂದು ಹುಡುಕಿ ‘ಅಂಥವರಿಲ್ಲ’ ಎಂದು 550 ಎಂಬ ಕಾಯಂ ನಿರಾಕರಣೆಯ ಸಂಕೇತ ಕೊಡುವುದು ಸಾಮಾನ್ಯ. ಡವ್‌ಕಾಟ್‌ನ ಆಥ್ ಯೂಸರ್‌ನೇಮ್ ಫಾರ್ಮ್ಯಾಟ್‌ನಲ್ಲಿ ಡೊಮೇನ್ ಭಾಗವನ್ನು ಕಳಚುವವರೆಗೆ ಮೇಲ್‌ಗಳು ಹಿಂದಿರುಗದೆ ಸರತಿಯಲ್ಲೇ ಕಾಯುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 550 ಬಂದೇ ಬಂತು, ನೀವು ಹೇಳಿದಂತೆಯೇ ಸರಿಹೋಯಿತು. ಈಗ ಒಬ್ಬ ವ್ಯಾಪಾರಿಯ ಮೇಲ್‌ಗಳು ಮಾತ್ರ ನಿಯಮಕ್ಕೆ ಸಿಗುತ್ತಿಲ್ಲ. ವಿಷಯಸಾಲು ಕಣ್ಣಿಗೆ ಅದೇ ‘ತೊಗರಿ ಧಾರಣೆ’.

ಉತ್ತರ (ಬೀದರ್)

‘ತೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ. ತೆರೆಯ ಮೇಲೆ ಎರಡೂ ಒಂದೇ, ಆದರೆ ಸೀವ್ ಬೈಟ್‌ಗಳನ್ನು ಹೋಲಿಸುವುದರಿಂದ ಅದಕ್ಕೆ ಅವು ಬೇರೆ ಬೇರೆ. ಆ ವ್ಯಾಪಾರಿಯ ತಂತ್ರಾಂಶ ಜೋಡಿಸಿ ಬರೆಯುತ್ತಿರಬೇಕು. ‘ಧಾರಣೆ’ಯಲ್ಲಿ ಅಂಥ ಚಿಹ್ನೆ ಇಲ್ಲ, ನಿಯಮದಲ್ಲಿ ಆ ಪದವೊಂದನ್ನೇ ಇಟ್ಟು, ಜೊತೆಗೆ ಕಳುಹಿಸುವವರ ವಿಳಾಸವನ್ನೂ ಸೇರಿಸಿ.